ಅರವತ್ತು ದಾಟಿದವರ ವಾಕಿಂಗ್: ಮೂರು ನಿಮಿಷ ಬಿರುಸು, ಮೂರು ನಿಮಿಷ ನಿಧಾನ

ದಿನಾ ವಾಕಿಂಗ್ ಹೋದರೂ ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ ಅನ್ನುವವರು ಬಹಳ ಮಂದಿ. ಹೆಜ್ಜೆ ಎಷ್ಟಾಯಿತು ಅಂತ ಲೆಕ್ಕ ಇಡುತ್ತಾರೆ, ಎಷ್ಟು ಬಿರುಸಾಗಿ ನಡೆದೆವು ಅಂತ ನೋಡುವುದಿಲ್ಲ.

ಜಪಾನಿನ ಮತ್ಸುಮೊಟೊ ನಗರದ ಶಿನ್‌ಶು ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರವತ್ತರ ಆಸುಪಾಸಿನ ಕೆಲವರು ದಿನಕ್ಕೆ 8000 ಹೆಜ್ಜೆ ಒಂದೇ ಹದದಲ್ಲಿ ನಡೆದರು. ಕೆಲವರು ಬಿರುಸು, ನಿಧಾನ ಬೆರೆಸಿ ನಡೆದರು. ಐದು ತಿಂಗಳ ನಂತರ ತೊಡೆಯ ಬಲ ಮತ್ತು ದಮ್ಮು ಜಾಸ್ತಿಯಾದದ್ದು, ಬಿಪಿ ಚೆನ್ನಾಗಿ ಇಳಿದದ್ದು ಬೆರೆಸಿ ನಡೆದವರಲ್ಲೇ.

ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ. ಸ್ಟೆಂಟ್ ಹಾಕಿಸಿಕೊಂಡವರು, ತಲೆಸುತ್ತು ಬರುವವರು, ಬಿಪಿ ಹತೋಟಿಗೆ ಬಾರದವರು ಕೇಳದೆ ಬಿರುಸಿಗೆ ಇಳಿಯಬೇಡಿ. ಇನ್ಸುಲಿನ್ ತೆಗೆದುಕೊಳ್ಳುವವರ ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇರಲಿ.

ಮೊದಲ ಐದು ನಿಮಿಷ ಸುಮ್ನೆ ಆರಾಮವಾಗಿ ನಡೆಯಿರಿ, ಮೈ ಬಿಸಿಯಾಗಲಿ. ಆಮೇಲೆ ಮೂರು ನಿಮಿಷ ಬಿರುಸು. ಓಡುವುದು ಬೇಡ, ಕೈ ಬೀಸಿ, ಹೆಜ್ಜೆ ಉದ್ದ ಮಾಡಿದರೆ ಸಾಕು. ಬಿರುಸು ಎಂದರೆ ಎಷ್ಟು? ‘ಹೂಂ’, ‘ಆಯ್ತು’, ‘ಆಮೇಲೆ ಹೇಳ್ತೀನಿ’ ಅನ್ನುವಷ್ಟು ಉಸಿರು ಇರಬೇಕು, ಪಕ್ಕದವರ ಜೊತೆ ರಾಜಕೀಯ ಮಾತಾಡುವಷ್ಟು ಇರಬಾರದು. ಅರಾಮಾಗಿ ಹರಟೆ ಹೊಡೆಯಲು ಆಗುತ್ತಿದ್ದರೆ ಅದು ಬಿರುಸಲ್ಲ. ನಮ್ಮ ಪಾರ್ಕುಗಳಲ್ಲಿ ನಡೆಯುವುದು ಹೆಚ್ಚಾಗಿ ಹರಟೆಯೇ, ಅಲ್ವಾ?

ಕೈಗಡಿಯಾರ ತೋರಿಸುವ ನಾಡಿಯ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಮಾತ್ರೆಗಳು ಎದೆಬಡಿತವನ್ನು ಏರಲು ಬಿಡುವುದಿಲ್ಲ. ಅಂಥವರು ಗಡಿಯಾರದ ಅಂಕಿ ಬೆನ್ನಟ್ಟಿದರೆ ಅಳತೆ ಮೀರಿ ದಣಿಯುತ್ತಾರೆ. ಉಸಿರನ್ನೇ ನಂಬಿ.

ಮತ್ತೆ ಮೂರು ನಿಮಿಷ ನಿಧಾನ. ನಿಲ್ಲಬೇಡಿ, ಕೂರಬೇಡಿ. ಹೀಗೆ ಐದು ಸುತ್ತು ಮಾಡಿದರೆ ಅರ್ಧ ಗಂಟೆ. ವಾರಕ್ಕೆ ನಾಲ್ಕು ದಿನ ಸಾಕು. ಹೊಸಬರು ಒಂದು ನಿಮಿಷದ ಬಿರುಸಿನಿಂದ, ಎರಡೇ ಸುತ್ತಿನಿಂದ ಶುರು ಮಾಡಿ ವಾರ ವಾರಕ್ಕೆ ಏರಿಸಲಿ. ಎದೆ ಹಿಡಿದಂತಾದರೆ, ಕಣ್ಣು ಕತ್ತಲೆ ಬಂದರೆ ಅಲ್ಲೇ ನಿಲ್ಲಿಸಿ. ‘ಇನ್ನೊಂದು ಸುತ್ತು’ ಅನ್ನುವ ಹಟ ಬೇಡ.

ಬಿರುಸಾಗಿ ನಡೆದರೆ ಆಯಸ್ಸು ಹೆಚ್ಚುತ್ತದೆಯೇ? ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿ 70ರಿಂದ 77 ವರ್ಷದ 1500ಕ್ಕೂ ಹೆಚ್ಚು ಮಂದಿಯನ್ನು ಐದು ವರ್ಷ ಗಮನಿಸಿದರು. ಜೋರು ವ್ಯಾಯಾಮ ಮಾಡಿದವರಲ್ಲಿ ಸಾವು ತುಸು ಕಡಿಮೆ ಕಂಡಿತು, ಆದರೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಹೋಲಿಕೆಗೆ ಇಟ್ಟ ಗುಂಪಿನವರೂ ಚೆನ್ನಾಗಿಯೇ ವ್ಯಾಯಾಮ ಮಾಡುತ್ತಿದ್ದರು! ಹಾಗಾಗಿ ದಮ್ಮಿಗಾಗಿ ನಡೆಯಿರಿ, ಆಯಸ್ಸಿನ ಲೆಕ್ಕ ಬಿಡಿ.

ನಡಿಗೆಯೊಂದೇ ಸಾಲದು. ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೆ ಶುರುವಿಗೆ ಅಷ್ಟು ಸಾಕು. ಪ್ಲಾಸ್ಟಿಕ್ ಕುರ್ಚಿ ಬೇಡ, ಜಾರುತ್ತದೆ.