ಕೋವಿಯ ಮಣಿಕಟ್ಟು

ಅಜ್ಜನ ಕೇಪಿನ ಕೋವಿಯ ಮಣಿಕಟ್ಟಿಗೆ ತಾಮ್ರದ ತಂತಿ ಸುತ್ತಿತ್ತು. ಗುಡ್ಡ ಇಳಿಯುವಾಗ ಕಾಲು ಜಾರಿ ಬಿದ್ದು ಮರ ಸೀಳಿತ್ತಂತೆ. ಕೋವಿಯ ಕುದುರೆ, ಅಂದರೆ ಕೇಪಿಗೆ ಬಡಿಯುವ ಭಾಗ, ಅದರ ಹಿಂದೆ ಮರ ಸಣ್ಣಗಾಗಿ ಕೈಗೆ ಸಿಗುವ ಆ ನಾಲ್ಕು ಬೆರಳಿನ ಜಾಗವೇ ಇಂಥ ಕೋವಿಗಳಲ್ಲಿ ಮೊದಲು ಮುರಿಯುವುದು. ಅಮೆರಿಕದ ಮಿಸೌರಿಗೆ ಬಂದು ನೆಲೆಸಿದ ಮೇಲೆ ಹಾಕನ್ ರೈಫಲ್ಲಿನ ಪ್ರತಿಕೃತಿಯೊಂದನ್ನು ನಾನೇ ಜೋಡಿಸಬೇಕೆಂದು ಹೊರಟಾಗ ನನ್ನ ಕಣ್ಣು ಹೋದದ್ದೂ ಅಲ್ಲಿಗೇ.

ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಅಣ್ಣತಮ್ಮಂದಿರು. ಸೇಂಟ್ ಲೂಯಿಸ್‌ನಲ್ಲಿ ಕೋವಿ ಮಾಡುತ್ತಿದ್ದರು. 1849ರ ಕಾಲರಾದಲ್ಲಿ ಜೇಕಬ್ ತೀರಿಕೊಂಡ, ತಮ್ಮ ಸ್ಯಾಮ್ಯುಯೆಲ್ ಕೆಲಸ ಮುಂದುವರಿಸಿದ. ಸ್ಯಾಮ್ಯುಯೆಲ್‌ನ ಮುದ್ರೆ ಹೊತ್ತ ಜಿಮ್ ಬ್ರಿಜರ್‌ನ ರೈಫಲ್ ಈಗ ಹೆಲೆನಾದಲ್ಲಿ, ಮೊಂಟಾನಾ ಹಿಸ್ಟಾರಿಕಲ್ ಸೊಸೈಟಿಯ ಸಂಗ್ರಹದಲ್ಲಿದೆ. ಬ್ರಿಜರ್ ಹುಟ್ಟಿದ್ದು 1804ರಲ್ಲಿ. 1822ರಲ್ಲಿ ಬೀವರ್ ತೊಗಲಿನ ವ್ಯಾಪಾರಕ್ಕೆಂದು ಮಿಸೌರಿ ನದಿ ಹಿಡಿದು ಮೇಲಕ್ಕೆ ಹೋದವನು ಬೆಟ್ಟಗಳಲ್ಲೇ ಉಳಿದುಬಿಟ್ಟ. ಓದುಬರಹ ಬರುತ್ತಿರಲಿಲ್ಲ. ಆದರೆ ಹುಡುಗನಿದ್ದಾಗ ಸೇಂಟ್ ಲೂಯಿಸ್‌ನಲ್ಲೇ ಕಮ್ಮಾರನ ಕೈಕೆಳಗೆ ಪಳಗಿದವನು. ಕೋವಿಯನ್ನು ಕೈಗೆತ್ತಿಕೊಂಡಾಗ ಅವನು ಮೊದಲು ಕಬ್ಬಿಣದ ಕೆಲಸವನ್ನೇ ನೋಡಿರುತ್ತಾನೆ ಎಂದು ನನಗೆ ಅನಿಸುತ್ತದೆ.

ನೋಡಬೇಕಾದದ್ದೂ ಅದೇ. ನಳಿಗೆಯ ಹಿಂಬದಿಯಿಂದ ಉದ್ದನೆಯ ಕಬ್ಬಿಣದ ನಾಲಿಗೆಯೊಂದು ಮಣಿಕಟ್ಟಿನ ಮೇಲೆ ಇಳಿಯುತ್ತದೆ. ಕೆಳಗೆ ಟ್ರಿಗರ್‌ನ ಪಟ್ಟಿಯೂ ಅಷ್ಟೇ ಉದ್ದ. ಬೋಲ್ಟುಗಳು ಮರವನ್ನು ತೂರಿ ಎರಡನ್ನೂ ಬಿಗಿದು ಹಿಡಿಯುತ್ತವೆ. ಮರ ಎರಡು ಕಬ್ಬಿಣದ ನಡುವೆ ಭದ್ರವಾಗಿ ಕೂರುತ್ತದೆ. ಸವಾರಿಯ ಕುದುರೆಯಿಂದ ಬಿದ್ದರೆ ರಿಪೇರಿಗೆ ಅಂಗಡಿಯೇ ಸಿಗದ ನಾಡಿಗೆ ಹೊರಟವನಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ?

ನಳಿಗೆ, ಲಾಕು (ಕೋವಿಯ ಕುದುರೆಯನ್ನು ಬಡಿಸುವ ಯಂತ್ರ) ಎಲ್ಲ ಸಿದ್ಧವಾದದ್ದನ್ನೇ ಕೊಂಡೆ. ಮೇಪಲ್ ಮರದಲ್ಲಿ ಅವಕ್ಕೆ ಗೂಡು ಕೊರೆಯುವುದಷ್ಟೇ ನನ್ನ ಪಾಲಿನ ಕೆಲಸ. ಕಬ್ಬಿಣಕ್ಕೆ ದೀಪದ ಕಾಡಿಗೆ ಹಿಡಿಸಿ ಮರದ ಮೇಲೆ ಒತ್ತಬೇಕು. ಕಪ್ಪು ಕಂಡಲ್ಲಿ ಮಾತ್ರ ಉಳಿಯಿಂದ ಕೂದಲೆಳೆಯಷ್ಟು ಕೆರೆಯಬೇಕು, ಮತ್ತೆ ಒತ್ತಬೇಕು. ಬರೀ ಆ ನಾಲಿಗೆಗೇ ನನಗೆ ಎರಡು ವಾರಾಂತ್ಯ ಹಿಡಿಯಿತು. ಮೊದಲ ಮರ ಹಾಳಾಯಿತು. ಇನ್ನೇನು ಕೂತೇಬಿಟ್ಟಿತು ಅನ್ನುವಾಗ ಸುತ್ತಿಗೆಯಿಂದ ಒಂದೇಟು ಹಾಕಿದೆ. ಎಳೆ ಹಿಡಿದು ಸೀಳು ಓಡಿತು, ಅಜ್ಜನ ಕೋವಿ ಸೀಳಿದ ಜಾಗದಲ್ಲೇ. ಆ ದಿನ ಮತ್ತೆ ಉಳಿ ಮುಟ್ಟಲಿಲ್ಲ.

ಎರಡನೆಯ ಮರಕ್ಕೆ ಸುತ್ತಿಗೆ ತಾಗಿಸಲಿಲ್ಲ. ಬರೀ ಹೆಬ್ಬೆರಳಿನ ಒತ್ತಡ. ನಳಿಗೆಗೆ ತೇವದ ಪೆಟ್ಟಿಗೆಯಲ್ಲಿ ತುಕ್ಕು ಹಿಡಿಸಿ, ತಿಕ್ಕಿ, ಮತ್ತೆ ಹಿಡಿಸಿ, ಹುಣಸೆಹಣ್ಣಿನ ಕಂದು ಬಣ್ಣ ಬರುವವರೆಗೆ ಅದನ್ನೇ ಮಾಡಿದೆ. ಮರಕ್ಕೆ ಅಗಸೆ ಎಣ್ಣೆ ಉಜ್ಜಿದೆ.

ಬೋಲ್ಟು ಬಿಗಿದ ದಿನ ಮಣಿಕಟ್ಟಿನಲ್ಲಿ ಹಿಡಿದು ಒಂದೇ ಕೈಯಲ್ಲಿ ಎತ್ತಿದೆ. ಹತ್ತಿರ ಹತ್ತಿರ ಐದು ಕೆಜಿ ಭಾರ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸಿದೆ. ಎಲ್ಲೂ ಸದ್ದಿಲ್ಲ.