ಮನೆಗೆ ಹೊಸ ಟ್ಯೂಬಾ ಬಂತು, ಮೊದಲ ವಾರ ಏನು ನೋಡಬೇಕು?

ಟ್ಯೂಬಾವನ್ನು (ತಗ್ಗು ದನಿಯ ದೊಡ್ಡ ಹಿತ್ತಾಳೆ ವಾದ್ಯ) ಹತ್ತಾರು ವರ್ಷ ಊದಿದವರ ತುಟಿ ಸುಮ್ನೆ ಇರುವುದಿಲ್ಲ. ವಾದ್ಯ ಎಲ್ಲಿ ಶ್ರುತಿ ತಪ್ಪುತ್ತದೋ ಅಲ್ಲಿ ತಾನಾಗಿಯೇ ಸರಿ ಮಾಡಿಬಿಡುತ್ತದೆ. ಎರಡು ವಾರ ಕಳೆದರೆ ದೋಷ ಟ್ಯೂಬಾದ್ದೋ, ನಮ್ಮದೋ ಗೊತ್ತಾಗುವುದಿಲ್ಲ. ಅದಕ್ಕೇ ಮೊದಲ ವಾರವೇ ಎಲ್ಲ ನೋಡಿ ಬರೆದಿಡಿ. ತುಟಿ ಇಟ್ಟು ಊದುವ ಮೌತ್‌ಪೀಸ್ ಮಾತ್ರ ನಿಮ್ಮ ಹಳೆಯದೇ ಇರಲಿ.

ಮೊದಲು ಗಾಳಿ ಸೋರುತ್ತದಾ ನೋಡಿ. ವಾಲ್ವ್ (ಸ್ವರ ಬದಲಿಸಲು ಬೆರಳಲ್ಲಿ ಒತ್ತುವ ಗುಂಡಿ) ಒತ್ತದೆ ಅದರ ಸ್ಲೈಡನ್ನು (ಎಳೆದು ಉದ್ದ ಮಾಡಬಹುದಾದ ಕೊಳವೆ) ಒಂದೆರಡು ಇಂಚು ಎಳೆದು, ಐದಾರು ಎಣಿಸಿ, ಆಮೇಲೆ ವಾಲ್ವ್ ಒತ್ತಿ. 'ಟಪ್' ಅಂದರೆ ಬಿಗಿ ಇದೆ. ಸದ್ದೇ ಇಲ್ಲ ಅಂದರೆ ಎಲ್ಲೋ ಸೋರುತ್ತಿದೆ. ನೀರು ಬಿಡುವ ಕೀಲಿಯ ಕಾರ್ಕನ್ನೂ ನೋಡಿ, ಅಲ್ಲಿನ ಸೋರಿಕೆ ಚಿಕ್ಕದಾದರೂ ಕೆಳಗಿನ ಸ್ವರಗಳನ್ನೆಲ್ಲ ಕೆಡಿಸುತ್ತದೆ. ಹಿತ್ತಾಳೆ ಮೇಲೆ ನಸುಗೆಂಪು ಚುಕ್ಕೆ ಕಂಡರೆ ಅಲ್ಲಿ ಸತು ಹೋಗಿ ತಾಮ್ರ ಉಳಿದಿದೆ ಅಂತ ಅರ್ಥ, ಮೌತ್‌ಪೀಸ್ ಪಕ್ಕದ ಕೊಳವೆಯಲ್ಲೇ ಇದು ಜಾಸ್ತಿ. ನಮ್ಮ ಕಡೆ ಮಳೆಗಾಲ ಪೂರ್ತಿ ಚೀಲದಲ್ಲೇ ಕೂತ ವಾದ್ಯಕ್ಕೆ ಒಳಗೆಲ್ಲ ಬೂಸ್ಟು ಹಿಡಿದಿರುತ್ತದೆ, ಸ್ಲೈಡ್ ಕಚ್ಚಿರುತ್ತದೆ. ನಾನು ತೀರ್ಥಹಳ್ಳಿ ಕಡೆಯಿಂದ ತಂದದ್ದರ 3ನೇ ಸ್ಲೈಡ್ ಬಿಡಿಸೋಕೆ ಎಣ್ಣೆ ಬಿಟ್ಟು ನಾಲ್ಕು ದಿನ ಕಾಯಬೇಕಾಯಿತು. ಬಲವಂತ ಮಾಡಬೇಡಿ. ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಒಣಗಿಸದೆ ಶ್ರುತಿ ನೋಡಲೂ ಬೇಡಿ.

ಶ್ರುತಿ ವಿಷಯಕ್ಕೆ ಸಮಯ ಕೊಡಿ. ತಣ್ಣಗಿನ ಟ್ಯೂಬಾ ಶ್ರುತಿ ಇಳಿದೇ ಇರುತ್ತದೆ, ಹದಿನೈದು ನಿಮಿಷ ಊದಿ ಬೆಚ್ಚಗಾದ ಮೇಲೆ ಶುರು ಮಾಡಿ. ಟ್ಯೂನರ್ (ಶ್ರುತಿ ಅಳೆಯುವ ಸಾಧನ) ನೋಡುತ್ತ ಊದಬೇಡಿ, ಕಣ್ಣು ನೋಡಿದ ಕೂಡಲೇ ತುಟಿ ತಿದ್ದುತ್ತದೆ. ಕಣ್ಣು ಮುಚ್ಚಿ, ಸ್ವರ ತಾನಾಗಿ ಎಲ್ಲಿ ಕೂರುತ್ತದೋ ಅಲ್ಲಿ ಕೂರಲು ಬಿಟ್ಟು, ಸಂಖ್ಯೆಯನ್ನು ಪಕ್ಕದವರ ಕೈಲಿ ಬರೆಸಿ. ಬಿ ಫ್ಲಾಟ್ ಮೂಲಸ್ವರವಾಗಿರುವ ಟ್ಯೂಬಾದಲ್ಲಿ ವಾಲ್ವ್ ಒತ್ತದೆ ಬರುವ ಡಿ ಸ್ವರ 5ನೇ ಹಾರ್ಮೋನಿಕ್, ಅಂದರೆ ಮೂಲಸ್ವರದ ಐದು ಪಟ್ಟು ಕಂಪನದ್ದು. ಲೆಕ್ಕದ ಪ್ರಕಾರವೇ ಅದು ಟ್ಯೂನರ್‌ಗಿಂತ ಸುಮಾರು 14 ಸೆಂಟ್ (ಕೀಬೋರ್ಡಿನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಕೆಳಗೆ. ಆದರೆ ಬಿ ಫ್ಲಾಟನ್ನೇ ಷಡ್ಜ ಮಾಡಿ ತಂಬೂರಿ ಹಾಕಿಕೊಂಡು ಅದೇ ಸ್ವರ ಊದಿ, ಅಂತರ ಗಾಂಧಾರ ತಂಬೂರಿಯೊಳಗೇ ಕರಗಿಹೋಗುತ್ತದೆ. ಎಷ್ಟು ಚೆಂದ ಅಲ್ವಾ! ಹಾಗಾಗಿ ಅಷ್ಟು ಇಳಿದರೆ ವಾದ್ಯವನ್ನು ದೂರಬೇಡಿ, ಕೀಬೋರ್ಡ್ ಜೊತೆ ನುಡಿಸುವಾಗ ತಿದ್ದಬೇಕು ಅಂತ ಬರೆದುಕೊಳ್ಳಿ. 30 ಸೆಂಟ್ ಇಳಿದರೆ ಮಾತ್ರ ಅದು ಬೇರೆ ಕತೆ.

4ನೇ ವಾಲ್ವ್ ಇದ್ದರೆ ಕೆಳಗಿನ ಎಫ್ ಅನ್ನು 1 ಮತ್ತು 3 ಒತ್ತಿ ಊದಿ, ಆಮೇಲೆ 4 ಒಂದನ್ನೇ ಒತ್ತಿ ಊದಿ. ಮೊದಲನೆಯದು ಏರುತ್ತದೆ, ಅದು ಸಹಜ. 4ರಲ್ಲೂ ಏರಿದರೆ ಅದರ ಸ್ಲೈಡ್ ಎಳೆಯಿರಿ.

ಕೊನೆಗೆ ದನಿ. ಬೆಲ್ (ದನಿ ಹೊರಬರುವ ಅಗಲವಾದ ಬಾಯಿ) ಮೇಲಕ್ಕಿರುವುದರಿಂದ ಊದುವವರ ಕಿವಿಗೆ ಬೀಳುವುದೇ ಬೇರೆ. ಮೊಬೈಲ್ ರೆಕಾರ್ಡಿಂಗ್ ನಂಬಬೇಡಿ, ಕೆಳಗಿನ ಬಿ ಫ್ಲಾಟ್ ಸುಮಾರು 58 ಹರ್ಟ್ಸ್, ಅಷ್ಟು ತಗ್ಗಿನ ದನಿ ಫೋನ್ ಸ್ಪೀಕರಿನಲ್ಲಿ ಬರುವುದಿಲ್ಲ. ಅಡಿಕೆ ಒಣಗಿಸುವ ಅಂಗಳದ ಆ ತುದಿಯಲ್ಲಿ ಗೆಳೆಯರೊಬ್ಬರನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಹಳೆಯದರಲ್ಲೂ ಹೊಸದರಲ್ಲೂ ಒಂದೇ ಸಾಲು ಊದಿ. ಯಾವುದು ಯಾವುದು ಅಂತ ಹೇಳಬೇಡಿ.