ಬ್ರೊಕೊಲಿ ಹೆಚ್ಚಿ, ಅರ್ಧ ಗಂಟೆ ಕಾಯಿರಿ

ಮುಪ್ಪು ತಡೆಯುತ್ತದೆಂದು ಆಂಟಿಆಕ್ಸಿಡೆಂಟ್ (ಕೋಶ ಕೆಡಿಸುವ ಚುರುಕು ಕಣಗಳನ್ನು ಅಳಿಸುವ ವಸ್ತು) ಮಾತ್ರೆಯ ಡಬ್ಬಿಗೆ ದುಡ್ಡು ಸುರಿಯುವ ಮೊದಲು ತಿಳಿದಿರಲಿ: ಆ ಕೆಲಸಕ್ಕೆ ಬೇಕಾದ ಜೀನುಗಳು ನಿಮ್ಮ ಜೀವಕೋಶದಲ್ಲೇ ಇವೆ. ಅವನ್ನು ಎಬ್ಬಿಸಬೇಕು.

ಮೊದಲು, ಕೋಶದೊಳಗೆ ನಡೆಯುವುದೇನು ನೋಡೋಣ. ಮೈಟೊಕಾಂಡ್ರಿಯ ಶಕ್ತಿ ತಯಾರಿಸುವಾಗ ಆಮ್ಲಜನಕದ ಅಲ್ಪ ಪಾಲು ಸೂಪರ್‌ಆಕ್ಸೈಡ್ ಆಗುತ್ತದೆ. ಇಂಥ ಚುರುಕು ಕಣಗಳು ಮಿತಿಮೀರಿದರೆ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ ಒಂದಾದ ಗ್ವಾನಿನ್ ಕೆಡುತ್ತದೆ. ವರ್ಣತಂತುವಿನ ತುದಿಯ ಟೆಲೊಮಿಯರ್‌ನಲ್ಲಿ ಗ್ವಾನಿನ್ ಒತ್ತೊತ್ತಾಗಿರುವುದರಿಂದ ಪೆಟ್ಟು ಅಲ್ಲಿ ಜೋರು. ತುದಿ ಬೇಗ ಸವೆಯುತ್ತದೆ, ಒಂದು ಹಂತದಲ್ಲಿ ಕೋಶ ವಿಭಜನೆಯನ್ನೇ ನಿಲ್ಲಿಸುತ್ತದೆ. ಮುಪ್ಪಿಗೆ ಈ ಕಣಗಳೇ ಮೂಲ ಎಂದು ಅಮೆರಿಕದ ವಿಜ್ಞಾನಿ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ವಾದಿಸಿದರು. ನನ್ನ ಲೆಕ್ಕದಲ್ಲಿ ಅದು ಅರ್ಧ ಸತ್ಯ. ಅವೇ ಕಣಗಳು ಹದವಾಗಿದ್ದರೆ ಎಚ್ಚರಿಕೆಯ ಗಂಟೆಯಾಗುತ್ತವೆ. ಕೀಪ್1 ಎಂಬ ಪ್ರೋಟೀನು ಎನ್‌ಆರ್‌ಎಫ್2 ಎಂಬ ಇನ್ನೊಂದನ್ನು ಹಿಡಿದು ಸದಾ ನಾಶಕ್ಕೆ ಕಳಿಸುತ್ತಿರುತ್ತದೆ. ಒತ್ತಡ ತಟ್ಟಿದಾಗ ಹಿಡಿತ ಸಡಿಲಗೊಂಡು ಎನ್‌ಆರ್‌ಎಫ್2 ಕೋಶಕೇಂದ್ರ ಸೇರುತ್ತದೆ, ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಆದ ಗ್ಲುಟಾಥಯೋನ್ ತಯಾರಿಕೆಯಂಥ ರಕ್ಷಣೆಯ ಜೀನುಗಳನ್ನು ಚಾಲೂ ಮಾಡುತ್ತದೆ.

ಈಗ ಅಡುಗೆಮನೆಗೆ ಬನ್ನಿ. ಬ್ರೊಕೊಲಿ ಹೆಚ್ಚಿದಾಗ ಮೈರೊಸಿನೇಸ್ ಎಂಬ ಕಿಣ್ವ ಹೊರಬಂದು ಸಲ್ಫೊರಾಫೇನ್ ಹುಟ್ಟಿಸುತ್ತದೆ. ಕೀಪ್1ರ ಹಿಡಿತ ಬಿಡಿಸುವ ವಸ್ತು ಇದೇ. ಆದರೆ ಕಿಣ್ವ ಬಿಸಿ ತಾಳುವುದಿಲ್ಲ. ಹಾಗಾಗಿ ಸಣ್ಣಗೆ ಹೆಚ್ಚಿ ಅರ್ಧ ಗಂಟೆ ಬಿಡಿ, ಆಮೇಲೆ ಹಬೆಯಲ್ಲಿ ಹಗುರವಾಗಿ ಬೇಯಿಸಿ. ಮರೆತು ಬೇಯಿಸಿಬಿಟ್ಟಿರಾ? ಆರಿದ ಮೇಲೆ ಚಿಟಿಕೆ ಹಸಿ ಸಾಸಿವೆ ಪುಡಿ ಬೆರೆಸಿ, ಅದರಲ್ಲೂ ಈ ಕಿಣ್ವವಿದೆ. ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಇದಕ್ಕೆ ಉಪಯೋಗವಿಲ್ಲ. ಹಸಿ ಸಾಸಿವೆ ಅರೆದು ಮೊಸರು ಸೇರಿಸುವ ನಮ್ಮ ‘ಸಾಸಿವೆ’ ಎಂಬ ಅಡುಗೆಯ ರುಚಿ ಬಲ್ಲವರಿಗೆ ಇದೇನೂ ಹೊಸತಲ್ಲ.

ಜೊತೆಗೆ, ಉಸಿರು ಏರುವಷ್ಟು ಬಿರುಸಾಗಿ ನಡೆಯಿರಿ. ವ್ಯಾಯಾಮದಲ್ಲಿ ಹುಟ್ಟುವ ಕಣಗಳೂ ಇದೇ ರಕ್ಷಣೆಯನ್ನು ಎಬ್ಬಿಸುತ್ತವೆ. ಅವನ್ನು ಮಾತ್ರೆಯಿಂದ ಅಳಿಸಿದರೆ ಏನಾಗಬಹುದು ಎಂಬುದನ್ನು 2009ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು: ನಿತ್ಯ 1000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ (ಎರಡೂ ಆಂಟಿಆಕ್ಸಿಡೆಂಟ್‌ಗಳೇ) ನುಂಗಿದ ಯುವಕರಲ್ಲಿ ವ್ಯಾಯಾಮ ಇನ್ಸುಲಿನ್‌ಗೆ ದೇಹದ ಸ್ಪಂದನೆಯನ್ನು ಸುಧಾರಿಸಲಿಲ್ಲ, ನುಂಗದವರಲ್ಲಿ ಸುಧಾರಿಸಿತು.

ಸಿಗರೇಟು ಸೇದುವವರು, ಕ್ಯಾರೆಟ್‌ಗೆ ಬಣ್ಣ ಕೊಡುವ ಆಂಟಿಆಕ್ಸಿಡೆಂಟ್ ಆದ ಬೀಟಾ ಕ್ಯಾರೊಟಿನ್ ಮಾತ್ರೆಯಿಂದ ದೂರವಿರಲೇಬೇಕು. ಫಿನ್ಲೆಂಡಿನ 29,133 ಧೂಮಪಾನಿ ಗಂಡಸರ ಅಧ್ಯಯನದ ಫಲಿತಾಂಶ 1994ರಲ್ಲಿ ಹೊರಬಂದಾಗ, ಅದನ್ನು ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಕ್ಯಾರೆಟ್ ತಿನ್ನಲು ಅಡ್ಡಿಯಿಲ್ಲ. ಕೊರತೆ ನೀಗಲೆಂದು ವೈದ್ಯರು ಬರೆದುಕೊಟ್ಟ ವಿಟಮಿನ್ ಇದ್ದರೆ ಅದನ್ನು ನೀವೇ ನಿಲ್ಲಿಸಬೇಡಿ.